ಅತ್ತೆ ಹುಡುಕುತ್ತಿದ್ದ ಪುಟ

ಒಂದು ಮನೆಯೊಳಗೆ ನಡೆದದ್ದನ್ನು ಹೊರಗೆ ತಂದು ಹೇಳುವುದು ತಪ್ಪೇ. ಅದರಲ್ಲೂ ತೀರಿಹೋದವರ ವಿಷಯಕ್ಕೆ ಗೊತ್ತಿಲ್ಲದವರು ಬಾಯಿ ಹಾಕಬಾರದು. ಇದನ್ನು ಸರಿಯಾಗಿ ಬಲ್ಲವರು ಆ ಮನೆಯಲ್ಲೇ ಇದ್ದಾರೆ. ಆದರೆ ಅವರು ಹೇಳುವವರಲ್ಲ. ಹೇಳದೆ ಇಟ್ಟುಕೊಂಡರೆ ಎದೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಕೂರಿಸಿದ ಹಾಗಾಗುತ್ತದೆ, ಅದಕ್ಕೇ ಈ ಸಾಹಸ. ಎಲ್ಲಾದರೂ ಹೆಚ್ಚುಕಮ್ಮಿಯಾಗಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಆ ಮನೆಯ ಮುಂದಿನ ಕೋಣೆಯೇ ಇಸ್ತ್ರಿ ಅಂಗಡಿ. ಬೀದಿಗೆ ತೆರೆದ ಅರ್ಧ ಬಾಗಿಲು, ಹಳೆಯ ಕಂಬಳಿ ಹೊದಿಸಿದ ಉದ್ದನೆಯ ಮೇಜು, ಮೊಳೆಗಳಿಗೆ ನೇತುಹಾಕಿದ ಯಾರ್ಯಾರದೋ ಅಂಗಿಗಳು. ಮೇಜಿನ ಹಿಂದೆ ಅತ್ತೆ. ಅವರ ಬೆನ್ನಿಗೆ ಒಂದಿಟ್ಟಿಗೆ ದಪ್ಪದ ಗೋಡೆ, ಗೋಡೆಯಾಚೆ ಸೊಸೆಯ ಕೋಣೆ. ಆ ಕೋಣೆಯಲ್ಲಿ ಒಂದು ಮಂಚ, ಒಂದು ಕಬ್ಬಿಣದ ಬೀರು. ಬೀರುವಿನ ತುಂಬ ಕಾಮಿಕ್ಸ್. ತೆಳ್ಳನೆಯವು, ದಪ್ಪನೆಯವು, ಮಕ್ಕಳವು, ಮಕ್ಕಳ ಕೈಗೆ ಕೊಡಬಾರದವು, ಕಾದಂಬರಿಯಷ್ಟು ಗಾತ್ರದವು. ಎಲ್ಲ ಸೊಸೆಯ ಗಂಡ ಕೂಡಿಸಿದ್ದು. ಲಿಫ್ಟು ರಿಪೇರಿ ಮಾಡುತ್ತಿದ್ದ ಅವನು ಹೋದ ವರ್ಷ ಚಳಿಗಾಲದಲ್ಲಿ ಒಂದು ದೊಡ್ಡ ಕಟ್ಟಡದ ಲಿಫ್ಟು ಓಡಾಡುವ ಗುಂಡಿಗೆ ಬಿದ್ದು ತೀರಿಕೊಂಡ. ಸೊಂಟದ ಬೆಲ್ಟನ್ನು ಕೊಕ್ಕೆಗೆ ಸಿಕ್ಕಿಸಿರಲಿಲ್ಲವಂತೆ. "ಮರೆತಿರಬೇಕು" ಎಂದರು ಜೊತೆಯವರು. ಮನೆಯಿಂದ ಹೊರಡುವಾಗ ಗ್ಯಾಸಿನ ಗುಂಡಿಯನ್ನು ಎರಡೆರಡು ಸಲ ಮುಟ್ಟಿ ನೋಡುತ್ತಿದ್ದ ಮನುಷ್ಯ ಅವನು. ಮರೆತಿರಬೇಕು ಎಂಬ ಮಾತನ್ನು ಮನೆಯವರೆಲ್ಲ ನುಂಗಿಕೊಂಡರು. ಆದರೆ ಅಂದಿನಿಂದ ಆ ಮನೆಯಲ್ಲಿ ಯಾರೂ ಲಿಫ್ಟು ಹತ್ತಿದವರಲ್ಲ. ರಕ್ತದೊತ್ತಡ ತೋರಿಸಲು ಹೋದರೆ ಮಾವ ಮಹಡಿ ಮಹಡಿಗೂ ನಿಂತು ಏದುಸಿರು ಬಿಡುತ್ತ, "ಮೆಟ್ಟಿಲು ಮೈಗೆ ಒಳ್ಳೇದು" ಎನ್ನುತ್ತಿದ್ದರು.

ಮೈದುನನಿಗೆ ಮದುವೆ ಗೊತ್ತಾದ ವಾರ ಊಟದ ಹೊತ್ತಿನಲ್ಲಿ ಮಾತು ಎದ್ದಿತು. ಬೇಕರಿಯಲ್ಲಿ ಕೆಲಸ ಅವನಿಗೆ. ಕಿವಿಯ ಹಿಂದೆ ಯಾವಾಗಲೂ ಒಂದಿಷ್ಟು ಹಿಟ್ಟು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಆ ರೂಮು ನಮಗೆ ಬೇಕಾಗುತ್ತೆ."

"ಬೇಜಾರೇನಿಲ್ಲ. ನಾನೂ ಗುಬ್ಬಿನೂ ನಡುಮನೇಲಿ ಅತ್ತೆ ಜೊತೆ ಮಲಗ್ತೀವಿ."

"ನೀವು ಮಲಗ್ತೀರಿ. ಆ ಬೀರು ಎಲ್ಲಿ ಮಲಗುತ್ತೆ?"

"ಅದಕ್ಕೂ ಒಂದು ಚಾಪೆ ಹಾಸಿದ್ರಾಯ್ತು" ಎಂದಳು ಗುಬ್ಬಿ. ಗುಬ್ಬಿ ಸೊಸೆಯ ಮಗಳು, ಬಾಯಿ ತೆರೆದರೆ ಪಟಾಕಿ.

ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಮಾತೂ ಬ್ರೇಕು ಹಾಕಿದಂತೆ. "ಹಳೇ ಪುಸ್ತಕದವನನ್ನ ಕರೆಸ್ತೀನಿ. ಎಲ್ಲ ಒಟ್ಟಿಗೆ ಎತ್ಕೊಂಡು ಹೋಗಲಿ. ಬೀರು ಖಾಲಿ ಆದ್ರೆ ಗಿರಾಕಿಗಳ ಬಟ್ಟೆ ಇಡೋಕಾಗುತ್ತೆ. ಮುಗೀತು."

ಅತ್ತೆ ಅನ್ನದ ಕೈಯನ್ನು ತಟ್ಟೆಯಲ್ಲೇ ಬಿಟ್ಟರು. "ಮುಗೀಲಿಲ್ಲ. ಓದಿದ್ದು ಹೋಗಲಿ. ಓದದೇ ಇರೋದು ಒಂದೂ ಹೊಸಿಲು ದಾಟಕೂಡದು."

"ಓದೋರು ಯಾರು?"

"ನಾನು."

ಮಾವ ನೀರು ಕುಡಿದು ಲೋಟ ಕೆಳಗಿಟ್ಟು, "ದಿನಪತ್ರಿಕೆನ ಗೂಡಿಗೆ ಹಾಸೋಕೆ ಬಿಟ್ರೆ ಇನ್ನೊಂದಕ್ಕೆ ಮುಟ್ಟಿದೋಳಲ್ಲ ನೀನು" ಎಂದರು.

"ಹಾಸೋವಾಗ ಓದ್ತಿದ್ದೆ. ನಿಮಗೇನು ಗೊತ್ತು?"

ಮಾರನೆಯ ದಿನ ಸೊಸೆ ಕೆಲಸಕ್ಕೆ ಹೊರಡುವ ಮುಂಚೆ ಅತ್ತೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು. "ಒಂದು ಕೊಡು. ಯಾವುದರಿಂದ ಶುರು ಮಾಡ್ಬೇಕೋ ನೀನೇ ನೋಡಿ ಕೊಡು. ನನಗೆ ಅದರ ಗಂಧ ಗಾಳಿ ಇಲ್ಲ."

ಸೊಸೆಗೂ ಒಂದು ಕಾಲಕ್ಕೆ ಅದರ ಗಂಧಗಾಳಿ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಒಂದು ತೆಳ್ಳನೆಯ ಪುಸ್ತಕ ಕೊಟ್ಟು ಎದುರಿಗೆ ಕೂತು, ಅವಳು ಯಾವ ಪುಟಕ್ಕೆ ನಗುತ್ತಾಳೆ ಎಂದು ಮುಖವನ್ನೇ ನೋಡುತ್ತಿದ್ದ. ಹಾಗೆ ನೋಡಿದರೆ ಯಾರಿಗೆ ನಗು ಬರುತ್ತದೆ? ಬೆವರು ಬಂದಿತ್ತು. ಆಮೇಲೆ ಒಂದೊಂದಾಗಿ ಬೀರುವಿನ ಅರ್ಧದಷ್ಟು ಅವಳೂ ಓದಿದ್ದಳು. ಈಗ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ಅವಳಿಗೆ ಆ ಬುದ್ಧಿಯೇ ಮುಂದೆ ಬಂತು: ಮೊದಲ ಸಲ ತಗೊಳ್ಳೋರಿಗೆ ಪವರ್ ಕಡಿಮೆ ಇರಲಿ. ಅಂಚೆ ಹಂಚುವ ಕತ್ತೆಯ ಕಥೆಯೊಂದನ್ನು ತೆಗೆದುಕೊಟ್ಟಳು. "ಊಟ ಆದ್ಮೇಲೆ ಓದಿ ಅತ್ತೆ. ಆತುರ ಬೇಡ."

ಸಂಜೆ ಬರುವಷ್ಟರಲ್ಲಿ ಪುಸ್ತಕ ಮೇಜಿನ ಮೇಲೆ, ಇಸ್ತ್ರಿಯಾದ ಪ್ಯಾಂಟುಗಳ ಪಕ್ಕ ಬಿದ್ದಿತ್ತು.

"ಅರ್ಧ ಗಂಟೇಲಿ ಮುಗೀತು. ಹಾ, ಓ, ಧಡಾರ್, ಅಷ್ಟೇ ಬರೆದಿದೆ. ಇದಕ್ಕೆ ಇವನು ಸಂಬಳ ಸುರಿದನಾ?"

ಗುಬ್ಬಿ ಹತ್ತಿರ ಬಂದಳು. "ಅಜ್ಜಿ, ನೀನು ಬರೀ ಅಕ್ಷರ ಓದಿದ್ದೀಯ. ಚಿತ್ರ ಓದೇ ಇಲ್ಲ."

"ಚಿತ್ರ ನೋಡೋದು ಕಣೆ. ಓದೋದಲ್ಲ."

"ಇದ್ರಲ್ಲಿ ಓದೋದು. ಇಲ್ನೋಡು, ಕತ್ತೆ ಕಿವಿ ಕೆಳಗಾಗಿದೆ. ಯಾಕೆ?"

"ಯಾಕೆ?"

"ಕಾಗದ ಕಳೆದುಹೋಗಿದೆ ಅಂತ ಗೊತ್ತಾಗಿದೆ. ಇನ್ನೂ ಯಾರಿಗೂ ಹೇಳಿಲ್ಲ."

ಅತ್ತೆ ಕನ್ನಡಕ ಹಾಕಿಕೊಂಡು ಕತ್ತೆಯ ಕಿವಿಯನ್ನು ಬಹಳ ಹೊತ್ತು ನೋಡಿದರು. ಮತ್ತೆ ಮೊದಲಿನಿಂದ ಓದಿದರು. ಈ ಸಲ ಇನ್ನೊಂದು ಯಡವಟ್ಟು. ಎಡಗಡೆಯ ಪುಟ ಮುಗಿಸದೆ ಬಟ್ಟೆಯ ಗೆರೆ ಹಿಡಿದಂತೆ ಅಡ್ಡಕ್ಕೆ ಬಲಗಡೆಗೆ ಓದಿಕೊಂಡು ಹೋದರು. ಊಟಕ್ಕೆ ಕೂತಾಗ, "ಆ ಕತ್ತೆಯ ಯಜಮಾನ ಸತ್ತು ಮತ್ತೆ ಬದುಕಿ ಬಂದ, ನೋಡಿ" ಎಂದರು.

"ಬದುಕಲಿಲ್ಲ ಅಜ್ಜಿ. ನೀನು ಹಿಂದುಮುಂದಾಗಿ ಓದಿದ್ದೀಯ."

"ಹಿಂದುಮುಂದು ಓದಿದ್ರೆ ಬದುಕ್ತಾರೆ ಅಂದ್ರೆ ಹಾಗೇ ಓದೋದು ವಾಸಿ ಅಲ್ವಾ?"

ತಮಾಷೆಗೇ ಅಂದದ್ದು. ಆದರೆ ಮಾವ ಎದ್ದು ಕೈ ತೊಳೆಯಲು ಹೋದರು.

ಹೀಗೆ ಶುರುವಾಯಿತು. ಗುಬ್ಬಿ ಪಾಠ ಹೇಳಿದಳು. ಮಾತಿನ ಗುಳ್ಳೆಗೆ ಬಾಲ ಇದ್ದರೆ ಬಾಯಲ್ಲಿ ಅಂದದ್ದು, ಮೋಡದ ಹಾಗಿದ್ದರೆ ಮನಸ್ಸಲ್ಲೇ ಅಂದುಕೊಂಡದ್ದು. ಅತ್ತೆಗೆ ಈ ಮೋಡ ಬಹಳ ಹಿಡಿಸಿತು. ಇಸ್ತ್ರಿಗೆ ಬಂದ ಗಿರಾಕಿ "ಪರವಾಗಿಲ್ಲ ಅಮ್ಮ, ನಾಳೆ ಕೊಡಿ" ಎಂದು ನಕ್ಕು ಹೋದರೆ, ಹೋಗುತ್ತಿರುವವನ ತಲೆಯ ಮೇಲಕ್ಕೆ ಬೆರಳು ತೋರಿಸಿ, "ಮೋಡದಲ್ಲಿ ನನ್ನ ಜನ್ಮ ಜಾಲಾಡ್ತಿದ್ದಾನೆ" ಎನ್ನುವರು. ಒಮ್ಮೆ ಅಂಗಿಯ ಕಾಲರು ಒತ್ತುತ್ತಾ ಯಾರಿಗೂ ಅಲ್ಲದ ಹಾಗೆ ಹೇಳಿದರು: "ಮನುಷ್ಯರ ತಲೆ ಮೇಲೂ ಇದ್ದಿದ್ರೆ ಚೆನ್ನಾಗಿತ್ತು. ಮನೆಯೋರಿಗಷ್ಟೇ ಕಾಣೋ ಹಾಗೆ."

ಸೊಸೆ ಪತ್ತೇದಾರಿ ಕೊಟ್ಟಳು. ಎರಡನೆಯ ಪುಟದಲ್ಲೇ ಅತ್ತೆ ಕೊಲೆಗಾರನನ್ನು ಹಿಡಿದರು: "ಇವನ ಅಂಗಿ ನೋಡು, ಮೈಮೇಲೆ ಒಣಗಿದ್ದು. ಎಲ್ಲಿ ನೆನೆದು ಬಂದ ಇವನು?" ದೆವ್ವದ ಕಥೆ ಕೊಟ್ಟಳು; "ಇಷ್ಟು ಒಳ್ಳೇ ದೆವ್ವಕ್ಕೆ ಯಾಕೆ ಹೆದರ್ತಾರೆ, ಕೂರಿಸಿ ಟೀ ಕೊಡಬಾರದಾ" ಎಂಬ ತೀರ್ಪು ಬಂತು. ಮಾತೇ ಇಲ್ಲದ ಒಂದು ದಪ್ಪ ಪುಸ್ತಕ, ಮುದುಕನೊಬ್ಬ ಖಾಲಿ ಊರಿನಲ್ಲಿ ನಡೆಯುತ್ತಲೇ ಇರುವುದು, ಅದನ್ನು ಅಂಜುತ್ತಲೇ ಕೊಟ್ಟಳು. ಅತ್ತೆ ಅದನ್ನು ಒಂದು ವಾರ ಇಟ್ಟುಕೊಂಡರು. "ಇದು ಚೆನ್ನಾಗಿದೆ. ಯಾರೂ ಸುಳ್ಳು ಹೇಳಲ್ಲ."

ಓದಿದವು ಬಾಗಿಲ ಬಳಿ ಗುಡ್ಡೆಯಾಗುತ್ತಿದ್ದವು. ಅತ್ತೆ ಮಾತು ಉಳಿಸಿಕೊಂಡರು. ಪ್ರತಿಯೊಂದನ್ನೂ ಮುಚ್ಚುವಾಗ "ಇದಲ್ಲ" ಎಂದು ಗೊಣಗಿ ಆ ಗುಡ್ಡೆಯ ಮೇಲಿಡುವರು. ಹಳೆಯ ಪುಸ್ತಕದವನು ಬಂದು ಎತ್ತಿಕೊಂಡು ಹೋಗುವನು. ಸುಕ್ಕಾದ ಪುಟಗಳನ್ನು ಮೇಲೊಂದು ಬಟ್ಟೆ ಹಾಸಿ ಇಸ್ತ್ರಿ ಮಾಡಿಯೇ ಕಳಿಸುತ್ತಿದ್ದರು. "ಬೇರೆ ಮನೆಗೆ ಹೋಗೋವು. ಮುದುರಿಕೊಂಡು ಹೋಗಬಾರದು."

ಆ ಪುಟಗಳ ಬಲಗಡೆ ಕೆಳಮೂಲೆಯಲ್ಲೆಲ್ಲ ಒಂದು ಕಪ್ಪು ಗುರುತು ಇರುತ್ತಿತ್ತು. ಲಿಫ್ಟಿನ ಗ್ರೀಸು. ಎಷ್ಟು ಸೋಪು ಹಾಕಿ ತೊಳೆದರೂ ಹೋಗದ ಗ್ರೀಸು, ಪುಟ ಮಗುಚಿದ ಹೆಬ್ಬೆಟ್ಟಿನದು. ಗುಬ್ಬಿ ತನ್ನ ಬೆರಳನ್ನು ಅದರ ಮೇಲಿಟ್ಟು ಅಳತೆ ನೋಡುತ್ತಿದ್ದಳು. ಇಸ್ತ್ರಿಯ ಬಿಸಿ ತಾಕಿದರೆ ಆ ಗುರುತಿನಿಂದ ವಾಸನೆ ಏಳುವುದು. ಅವನು ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವ ಹೊತ್ತಿನ ವಾಸನೆ. ಮುಂದಿನ ಕೋಣೆಯಲ್ಲಿ ಆ ವಾಸನೆ ಎದ್ದ ಕೂಡಲೇ ಮಾವ ರೇಡಿಯೋ ಜೋರು ಮಾಡಿ ಹಿತ್ತಲಿಗೆ ಹೋಗುತ್ತಿದ್ದರು. ಸೊಸೆ ಮಾತ್ರ ತರಕಾರಿ ಹೆಚ್ಚುವ ಕೈ ನಿಲ್ಲಿಸಿ, ಬಾಗಿಲ ಕಡೆ ನೋಡಬಾರದು ಎಂದುಕೊಂಡೂ ನೋಡುವಳು.

"ಏನಲ್ಲ ಅತ್ತೆ? 'ಇದಲ್ಲ, ಇದಲ್ಲ' ಅಂತೀರಲ್ಲ" ಎಂದು ಅವಳು ಕೇಳಿದ್ದು ಒಂದು ರಜೆಯ ದಿನ, ಇಬ್ಬರೂ ಬೆಡ್‌ಶೀಟು ಹಿಡಿದು ಮಡಚುತ್ತಿದ್ದಾಗ. ಈ ತುದಿ ಅವಳು, ಆ ತುದಿ ಅತ್ತೆ.

"ಹೇಳಿದ್ರೆ ನಗಬೇಡ. ಅವನು ಓದ್ತಾ ನಗ್ತಿದ್ನಲ್ಲ, ಗೋಡೆಯಾಚೆ, ನನಗೆ ಕೇಳಿಸ್ತಿತ್ತು. ಗಿರಾಕಿಗಳು ನಿಂತಿರೋವಾಗ ಗಹಗಹ ಅಂದ್ರೆ ನಾಚಿಕೆ ಆಗಲ್ವಾ? ಹ್ಯಾಂಗರಲ್ಲಿ ಗೋಡೆ ತಟ್ತಿದ್ದೆ. ಟಕ್ ಟಕ್. ಬಾಯಿ ಮುಚ್ಕೊಂಡು ನಗ್ತಿದ್ದ ಆಮೇಲೆ."

"ಗೊತ್ತು ಅತ್ತೆ. ನಾನು ಒಳಗಿದ್ದಾಗ ನನಗೇ ಹೆದರಿಕೆ ಆಗೋದು, ನೀವು ತಟ್ಟಿದ್ರೆ."

"ಕೊನೇ ಸಂಜೆನೂ ನಕ್ಕ ಕಣೆ. ನೀನು ಔಷಧಿ ಅಂಗಡೀಲಿದ್ದೆ. ಅಷ್ಟೊತ್ತು ಯಾವತ್ತೂ ನಕ್ಕಿರಲಿಲ್ಲ. ಉಸಿರು ಕಟ್ಟೋ ಹಾಗೆ, ನಿಲ್ಲಿಸೋದು, ಮತ್ತೆ ಶುರು. ನಾನು ತಟ್ಟಿದೆ. ತಕ್ಷಣ ನಿಂತುಹೋಯ್ತು. ಮಾರನೇ ದಿನ…" ಬೆಡ್‌ಶೀಟಿನ ತುದಿ ಹಿಡಿದು ಅವರು ಹತ್ತಿರ ಬಂದರು, ಮಡಿಕೆ ಸೇರಿಸಲು ಹಾಗೆ ಬರಲೇಬೇಕು. "ಇನ್ನೊಂಚೂರು ನಗಲಿ ಅಂತ ಬಿಡಬಾರದಿತ್ತಾ ನಾನು? ಯಾವ ಪುಟಕ್ಕೆ ಅಷ್ಟು ನಕ್ಕ ಅಂತ ನೋಡಬೇಕು. ಅಷ್ಟೇ. ಸಿಕ್ಕಿದ್ರೆ ಗೊತ್ತಾಗುತ್ತೆ ನನಗೆ."

ಸೊಸೆ ಬೆಡ್‌ಶೀಟನ್ನು ಅವರ ಕೈಗೆ ಕೊಟ್ಟು ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು. ಒಲೆಯ ಮೇಲೆ ಹಾಲಿರಲಿಲ್ಲ.

ಅವಳಿಗೆ ಗೊತ್ತಿದ್ದದ್ದು ಇಷ್ಟು. ಆ ಕೊನೆಯ ಸಂಜೆಗೆ ಒಂದು ವಾರದ ಹಿಂದೆ ಗುಬ್ಬಿ ಒಂದು ಪುಸ್ತಕದ ನಾಯಕನಿಗೆ ಕ್ರೇಯಾನಿನಲ್ಲಿ ಮೀಸೆ ಬರೆದಿದ್ದಳು. ಅಂದಿನಿಂದ ಬೀರುವಿಗೆ ಬೀಗ. ಕೀಲಿಯನ್ನು ಕಿಟಕಿಯ ಮೊಳೆಗೆ ನೇತುಹಾಕುವುದು ರೂಢಿ. ಕೊನೆಯ ದಿನ ಗಡಿಬಿಡಿಯಲ್ಲಿ ಅದು ಅವಳ ಚೀಲ ಸೇರಿ ಔಷಧಿ ಅಂಗಡಿಗೆ ಹೋಗಿಬಿಟ್ಟಿತ್ತು. ಸಂಜೆ ಗಂಡ ಅಂಗಡಿಗೆ ಫೋನು ಮಾಡಿದ್ದ.

"ಬೀರು ಕೀಲಿ ನಿನ್ನ ಹತ್ರ ಇದ್ಯಾ?"

"ಅಯ್ಯೋ, ಚೀಲದಲ್ಲೇ ಬಂದ್ಬಿಟ್ಟಿದೆ. ಕಳಿಸ್ಲಾ ಯಾರ ಕೈಲಾದ್ರೂ?"

"ಬೇಡ. ಸುಮ್ನೆ ಕೇಳಿದೆ. ಬಿಡು."

ಗಿರಾಕಿಗಳಿದ್ದರು. ಅವಳು ಬಿಟ್ಟಳು. ಮನೆಗೆ ಬಂದಾಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನಿದ್ದೆ ಬರ್ತಿದೆ ಎಂದ. ಬೀಗ ತೆಗೆದು ನೋಡಿದರೆ ಪುಸ್ತಕಗಳೆಲ್ಲ ಒಳಗೆ, ಒಂದೂ ಹೊರಗಿರಲಿಲ್ಲ.

ಅಂದಮೇಲೆ ಆ ಸಂಜೆ ಅವನ ಕೈಯಲ್ಲಿ ಪುಸ್ತಕವೇ ಇರಲಿಲ್ಲ. ಅತ್ತೆ ಹುಡುಕುತ್ತಿರುವ ಪುಟ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಹಾಗಾದರೆ ಗೋಡೆಯಾಚೆ ಅವರು ಕೇಳಿದ್ದೇನು? ಉಸಿರು ಕಟ್ಟುವ ಹಾಗೆ, ನಿಲ್ಲಿಸಿ, ಮತ್ತೆ ಶುರುವಾದದ್ದು? ಸೊಸೆ ಇಲ್ಲಿಯವರೆಗೆ ಬಂದು ಪಾತ್ರೆ ತಿಕ್ಕಲು ಎದ್ದುಬಿಡುತ್ತಿದ್ದಳು. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುತ್ತಿದ್ದಳು. ಕೀಲಿ ಮೊಳೆಯ ಮೇಲೆಯೇ ಇದ್ದಿದ್ದರೆ? ಕೈಗೊಂದು ಕತ್ತೆಯ ಕಥೆಯೋ ದೆವ್ವದ ಕಥೆಯೋ ಸಿಕ್ಕಿದ್ದರೆ? ಮಾರನೆಯ ದಿನ ಬೆಲ್ಟಿನ ಕೊಕ್ಕೆ ನೆನಪಾಗುತ್ತಿತ್ತೇ?

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವುದು ಹೇಗೆ? 'ಅತ್ತೆ, ಅದು ನಗು ಆಗಿರಲಿಲ್ಲವೇನೋ' ಎಂದರೆ, ಗೋಡೆ ತಟ್ಟಿ ಬಾಯಿ ಮುಚ್ಚಿಸಿದ್ದು ಏನನ್ನು ಎಂಬುದು ಆ ಮುದುಕಿಯ ತಲೆಗೆ ಹೊಳೆಯದೆ ಇರುತ್ತದೆಯೇ? ಅದಕ್ಕಿಂತ ಪುಸ್ತಕ ಕೊಡುತ್ತ ಹೋಗುವುದೇ ಮೇಲು. ಕೊಡುತ್ತ ಹೋದಳು. ಮೊದಮೊದಲು ನಗೆಯವನ್ನು ಆರಿಸುತ್ತಿದ್ದವಳು ಈಗ ದಪ್ಪನೆಯವನ್ನು ಆರಿಸತೊಡಗಿದಳು. ಬೇಗ ಮುಗಿಯಬಾರದು. ಯುದ್ಧದ್ದು, ಆಸ್ಪತ್ರೆಯದು, ಒಂದು ಸಂಸಾರದ ಮೂರು ತಲೆಮಾರಿನದು.

"ಇದ್ರಲ್ಲಿ ನಗೋದು ಎಲ್ಲಿದೆ?" ಎಂದರು ಅತ್ತೆ, ಆಸ್ಪತ್ರೆಯದನ್ನು ಅರ್ಧ ಓದಿ.

"ಮುಂದೆ ಬರಬಹುದು."

"ನೀನು ಓದಿದ್ದೀಯಲ್ಲ. ಬರುತ್ತೋ ಇಲ್ವೋ?"

"ಮರೆತುಹೋಗಿದೆ ಅತ್ತೆ."

ಅತ್ತೆ ಕನ್ನಡಕದ ಮೇಲಿಂದ ಅವಳ ತಲೆಯ ಮೇಲಕ್ಕೆ, ಮೋಡ ಇರಬೇಕಾದ ಜಾಗಕ್ಕೆ ನೋಡಿದರು. ಮತ್ತೆ ಓದಿಗೆ ತಿರುಗಿದರು.

ಮದುವೆ ಹತ್ತಿರ ಬರುತ್ತಿತ್ತು. ಮೈದುನ ತಂದು ಕೋಣೆಯ ಮೂಲೆಯಲ್ಲಿಟ್ಟ ಬಣ್ಣದ ಡಬ್ಬಿ ಇಟ್ಟ ಹಾಗೇ ಇತ್ತು. ಒಂದು ಸಂಜೆ ಅವನು ಸಿಡಿದ.

"ಅಮ್ಮ, ಇದೇನು ಪರೀಕ್ಷೆಗೆ ಕೂತಿದ್ದೀಯಾ? ಗೋಡೆಗೆ ಬಣ್ಣ ಹೊಡೆದು ಅದು ಒಣಗಬೇಕು. ವಾಸನೆ ಹೋಗಬೇಕು."

"ಬೀರೂಲಿ ಇನ್ನೊಂದು ಅರೆ ಬಾಕಿ ಇದೆ."

"ನೀನು ಬೇಕು ಅಂತಲೇ ನಿಧಾನ ಮಾಡ್ತಿದ್ದೀಯ. ಅತ್ತಿಗೆನೂ ಸೇರ್ಕೊಂಡಿದ್ದಾರೆ. ದಪ್ಪ ದಪ್ಪ ಆರಿಸಿ ಕೊಡ್ತಿದ್ದಾರೆ, ನಾನು ನೋಡ್ತಿಲ್ವಾ? ನಾನು ಇವರನ್ನ ಬೀದಿಗೆ ಹಾಕ್ತಿದ್ದೀನಾ? ಅಣ್ಣ ಇದ್ದಿದ್ರೆ ಅವನೇ ಖಾಲಿ ಮಾಡಿ ಕೊಡ್ತಿದ್ದ!"

"ಅಣ್ಣ ಇದ್ದಿದ್ರೆ" ಎಂದರು ಮಾವ, ಸುಲಿಯುತ್ತಿದ್ದ ಬಟಾಣಿಯಿಂದ ತಲೆ ಎತ್ತದೆ. ಅಷ್ಟೇ ಅಂದರು. ಒಂದು ವರ್ಷದಲ್ಲಿ ಅವರ ಬಾಯಿಂದ ಮಗನ ಮಾತು ಬಂದದ್ದು ಅದೇ ಮೊದಲು. ಮೈದುನ ತಣ್ಣಗಾದ. ಮಾರನೆಯ ದಿನ ಬೇಕರಿಯಿಂದ ಬರುವಾಗ ಬಿಸಿ ಬ್ರೆಡ್ಡು ತಂದು ಸೊಸೆಯ ಮುಂದಿಟ್ಟು, "ಕಡಿಮೆ ಪುಟದ್ದು ಒಂದು ನನಗೂ ಕೊಡಿ ಅತ್ತಿಗೆ, ಒಲೆ ಕಾಯೋ ಹೊತ್ತಲ್ಲಿ ಓದ್ತೀನಿ" ಎಂದ. ಆ ಮನೆಯಲ್ಲಿ ಕ್ಷಮೆ ಕೇಳುವುದು ಹಾಗೆ. ಅವಳು ದೆವ್ವದ್ದೊಂದು ಕೊಟ್ಟಳು. ವಾಪಸು ಬಂದಾಗ ಪುಟದ ತುಂಬ ಹಿಟ್ಟಿನ ಹೆಬ್ಬೆಟ್ಟು. ಕಪ್ಪಿನ ಮೇಲೆ ಬಿಳಿ.

ಆದರೆ ಕೊನೆಯ ಅರೆಯೂ ಕರಗುತ್ತಿತ್ತು. ಒಂದು ಕೈಯಲ್ಲಿ ಹಿಡಿಯುವಷ್ಟು ಉಳಿದಾಗ ಸೊಸೆಗೆ ಅನ್ನ ಇಳಿಯದಾಯಿತು. ಕೊನೆಯದನ್ನೂ ಮುಚ್ಚಿ "ಇದಲ್ಲ" ಎಂದಮೇಲೆ ಅತ್ತೆ ಏನು ಮಾಡುತ್ತಾರೆ? ಬೀರುವಿನಲ್ಲಿ ಇಲ್ಲದ್ದನ್ನು ಎಲ್ಲಿ ಹುಡುಕಲು ಹೋಗುತ್ತಾರೆ?

ಅವಳು ಒಂದು ಸುಳ್ಳು ಹೇಳಲು ತೀರ್ಮಾನಿಸಿದಳು. ಔಷಧಿ ಅಂಗಡಿಯಲ್ಲಿ ಕಹಿ ಗುಳಿಗೆಗೆ ಸಿಹಿ ಲೇಪ ಇರುವುದಿಲ್ಲವೇ, ಹಾಗೆ ಎಂದು ತನಗೆ ತಾನೇ ಹೇಳಿಕೊಂಡಳು. ವಾರದ ರಜೆಯ ದಿನ, ಇಳಿ ಮಧ್ಯಾಹ್ನ, ಅತ್ತೆಯ ಕೈಗೆ ತೆಳ್ಳನೆಯದೊಂದನ್ನು ಕೊಟ್ಟಳು. ಗಂಡ ಅವಳಿಗೆ ಮೊಟ್ಟಮೊದಲು ಕೊಟ್ಟಿದ್ದ ಪುಸ್ತಕ. ಇಷ್ಟು ದಿನ ತನಗೆಂದು ಅರೆಯ ಹಿಂಬದಿ ಬಚ್ಚಿಟ್ಟಿದ್ದು.

"ಅತ್ತೆ, ನನಗೆ ಈಗ ನೆನಪಾಯ್ತು. ಅವತ್ತು ನಾನು ಬಂದಾಗ ದಿಂಬಿನ ಪಕ್ಕ ಇದ್ದದ್ದು ಇದು. ನಾನೇ ಎತ್ತಿ ಒಳಗಿಟ್ಟೆ."

ಅತ್ತೆ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡರು. "ಒಳಗೆ ಮಂಚದ ಮೇಲೆ ಬೆಳಕು ಚೆನ್ನಾಗಿದೆ. ಅಲ್ಲೇ ಕೂತ್ಕೋತೀನಿ. ನೀನು ಆ ಮೇಷ್ಟ್ರ ಅಂಗಿ ಎರಡು ಮುಗಿಸು."

ಹಾಗಾಗಿ ಆ ಹೊತ್ತು ಇಸ್ತ್ರಿ ಮೇಜಿನ ಹಿಂದೆ ನಿಂತವಳು ಸೊಸೆ. ಗೋಡೆಯಾಚೆ ಅತ್ತೆ.

ಮೊದಲ ಅಂಗಿ ಮುಗಿಯಿತು. ಎರಡನೆಯದರ ತೋಳು ಹಾಸಿದಾಗ ಅವಳಿಗೆ ಆ ಪುಸ್ತಕದ ಕಥೆ ಪೂರ್ತಿ ನೆನಪಿಗೆ ಬಂತು. ಕಳ್ಳನೊಬ್ಬ ಯಾರದೋ ಮನೆಗೆ ನುಗ್ಗುತ್ತಾನೆ. ಬೀರು ಒಡೆಯಲು ನೋಡುತ್ತಾನೆ. ಕೀಲಿಗಾಗಿ ಇಡೀ ಮನೆ ಹುಡುಕುತ್ತಾನೆ, ಅಕ್ಕಿಯ ಡಬ್ಬಿ, ಹಾಸಿಗೆ, ಮೀನಿನ ತೊಟ್ಟಿ. ಸುಸ್ತಾಗಿ ಬೀರುವಿಗೆ ಒರಗಿದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಬೀಗವನ್ನೇ ಹಾಕಿರಲಿಲ್ಲ. ಆ ಪುಟಕ್ಕೆ ಗಂಡ ಹೊಟ್ಟೆ ಹಿಡಿದು ನಗುತ್ತಿದ್ದದ್ದು ನಿಜ. ನಗೆಯದು ಎಂದಷ್ಟೇ ನೋಡಿ ಕೊಟ್ಟಿದ್ದಳು. ಬೀರು, ಕೀಲಿ ಯಾವುದೂ ತಲೆಗೆ ಹೊಳೆದಿರಲಿಲ್ಲ. ಇಡೀ ಬೀರುವಿನಲ್ಲಿ ಕೊಡಬಾರದ ಪುಸ್ತಕ ಅದೊಂದೇ. ಅದನ್ನೇ ಆರಿಸಿ ಕೊಟ್ಟಿದ್ದಳು.

ಒಳಗೆ ಹೋಗಿ ಕಿತ್ತುಕೊಂಡು ಬರಲೇ ಎಂದು ಅವಳು ಹೆಜ್ಜೆ ಎತ್ತಿದಳು. ಅಷ್ಟರಲ್ಲಿ ಗೋಡೆಯಾಚೆ ಸದ್ದಾಯಿತು.

ಮೊದಲು ಒಂದು ಚಿಕ್ಕ ಹೂಂಕಾರ. ಆಮೇಲೆ ಗಂಟಲಲ್ಲಿ ಸಿಕ್ಕಿಕೊಂಡ ಉಸಿರು. ಆಮೇಲೆ ಹಹ್ ಹಹ್ ಎಂದು ಸಡಿಲವಾದದ್ದು, ನಿಂತದ್ದು, ಮತ್ತೆ ಶುರುವಾದದ್ದು. ಸೊಸೆ ಗೋಡೆಗೆ ಕಿವಿ ಕೊಟ್ಟಳು. ಇಟ್ಟಿಗೆಯ ಮೂಲಕ ಬಂದಾಗ ಸದ್ದಿನ ಮುಖ ಕಾಣುವುದಿಲ್ಲ. ನಗು ಎಂದುಕೊಂಡರೆ ನಗು. ಅಲ್ಲ ಎಂದುಕೊಂಡ ಕೂಡಲೇ ಅಲ್ಲ. ಆ ಸಂಜೆ ಇದೇ ಜಾಗದಲ್ಲಿ ನಿಂತು ಅತ್ತೆ ಕೇಳಿಸಿಕೊಂಡದ್ದೂ ಹೀಗೇ ಇತ್ತೇ? ಕೈ ತಾನಾಗಿ ಮೇಜಿನ ಮೇಲಿದ್ದ ಹ್ಯಾಂಗರಿಗೆ ಹೋಯಿತು. ಎತ್ತಿತು.

ತಟ್ಟಲಿಲ್ಲ. ಹ್ಯಾಂಗರು ಹಿಡಿದು ನಿಂತೇ ಇದ್ದಳು. ಸದ್ದು ತನ್ನ ಪಾಡಿಗೆ ಏರಿತು, ಇಳಿಯಿತು, ತಾನಾಗಿ ನಿಂತಿತು.

ಸುಟ್ಟ ವಾಸನೆ ಮೊದಲು ಬಡಿದದ್ದು ಅತ್ತೆಗೆ. ಪುಸ್ತಕ ಹಿಡಿದುಕೊಂಡೇ ಓಡಿಬಂದರು. "ಅಯ್ಯೋ ನಿನ್ನ! ಮೇಷ್ಟ್ರ ಅಂಗಿ!"

ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಗುರುತು ಅಚ್ಚೊತ್ತಿತ್ತು. ಅತ್ತೆ ಪೆಟ್ಟಿಗೆ ಎತ್ತಿ ನಿಲ್ಲಿಸಿದರು, ಅಂಗಿ ಕೊಡವಿದರು, ಗುರುತಿನ ಮೇಲೆ ನೀರು ಚಿಮುಕಿಸಿ ಉಜ್ಜಿ ನೋಡಿದರು. ಅವರ ಕಣ್ಣು ಕೆಂಪಾಗಿದ್ದವು, ಕೆನ್ನೆ ಒದ್ದೆ. ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರೂ ಕಣ್ಣು ಹಾಗೇ ಆಗುತ್ತವೆ.

"ಇದು ಹೋಗಲ್ಲ. ಹೊಸದು ತಂದುಕೊಡಬೇಕು. ನಾನೇ ಸುಟ್ಟೆ ಅಂತ ಹೇಳ್ತೀನಿ, ನೀನು ಬಾಯಿ ಬಿಡಬೇಡ."

"ಅತ್ತೆ…"

"ಸಿಕ್ತು" ಎಂದರು ಅತ್ತೆ, ಅಂಗಿ ಮಡಚುತ್ತಾ, ಅವಳ ಕಡೆ ನೋಡದೆ. "ಕಳ್ಳನ ಪುಟ. ಇದೇ. ಇನ್ನು ನೀನು ಅನ್ನ ಬಿಡಬೇಡ, ಊಟ ಮಾಡು."

ಉಳಿದವನ್ನು ಅವರು ಓದಲಿಲ್ಲ. ಮೈದುನನೇ ಅವನ್ನು ಹಳೆಯ ಪುಸ್ತಕದವನಿಗೆ ಕೊಟ್ಟು ಬಂದ. ಕೋಣೆಗೆ ಬಣ್ಣ ಬಿತ್ತು. ಮದುವೆಯಾಯಿತು. ಬೀರು ನಡುಮನೆಗೆ ಬಂದು ಗಿರಾಕಿಗಳ ಬಟ್ಟೆ ತುಂಬಿಕೊಂಡಿತು. ಕಳ್ಳನ ಪುಸ್ತಕ ಮಾತ್ರ ಎಲ್ಲ ಬಟ್ಟೆಗಳ ಅಡಿಯಲ್ಲಿ ಉಳಿಯಿತು. ಹೊಸ ಸೊಸೆಯೂ ಓದುವವಳೇ; ಯಾವುದರಿಂದ ಶುರು ಮಾಡಲಿ ಅಕ್ಕ ಎಂದು ಕೇಳಿದರೆ, ಕೊಡಲು ಇದೊಂದೇ ಇದೆ, ಕೊಡುವ ಧೈರ್ಯ ಇನ್ನೂ ಬಂದಿಲ್ಲ.

ಒಂದು ಭಾನುವಾರ ಸೊಸೆ ಗುಬ್ಬಿಯ ತಲೆ ಬಾಚುತ್ತಿದ್ದಳು. ಬೀರುವಿನ ಕೀಲಿ ಹೊಸ ಮೊಳೆಯ ಮೇಲೆ ತೂಗುತ್ತಿತ್ತು. ಗುಬ್ಬಿ ಅದನ್ನೇ ನೋಡುತ್ತ, "ಅಪ್ಪನೂ ಇದನ್ನ ಹುಡುಕ್ತಿದ್ದ ಅಮ್ಮ. ಆ ದಿನ" ಎಂದಳು.

ಬಾಚಣಿಗೆ ನಿಂತಿತು. "ಯಾವ ದಿನ?"

"ಆ ದಿನಾನೇ. ಮಂಚದ ಕೆಳಗೆಲ್ಲ ನೋಡಿದ. ಆಮೇಲೆ ಅಜ್ಜಿ ಹತ್ರ ಹೋಗಿ ಕೇಳಿದ. ಅದಕ್ಕೆ ಅಜ್ಜಿ 'ನಿನ್ನ ಹೆಂಡತಿ ಚೀಲದಲ್ಲಿ ಹೋಗಿರಬೇಕು, ಇಕ್ಕಳ ತಂದು ಬೀಗ ಮೀಟಿ ಕೊಡ್ಲಾ' ಅಂದ್ರು. 'ಬೇಡಮ್ಮ' ಅಂದ ಅಪ್ಪ. ಸುಮ್ನೆ ಒಳಗೆ ಹೋದ."

"ಅಜ್ಜಿಗೆ ಕೀಲಿ ಇರಲಿಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ನಾನೂ ಅಲ್ಲೇ ಇದ್ನಲ್ಲ. ಎಳೀಬೇಡ ಅಮ್ಮ, ನೋಯುತ್ತೆ."

ಮುಂದಿನ ಕೋಣೆಯಲ್ಲಿ ಅತ್ತೆ ಯಾರೋ ಗಿರಾಕಿಯೊಡನೆ ಜೋರಾಗಿ ಚೌಕಾಸಿ ಮಾಡುತ್ತಿದ್ದರು. ಇಸ್ತ್ರಿಪೆಟ್ಟಿಗೆ ಮೇಜಿಗೆ ತಾಕಿ ತಾಕಿ ಸದ್ದಾಗುತ್ತಿತ್ತು. ಸೊಸೆ ಜಡೆ ಹಾಕಿ ಮುಗಿಸಿದಳು, ರಿಬ್ಬನ್ನು ಕಟ್ಟಿದಳು. ಎದ್ದು ಹೋಗಿ ಕೇಳಲಿಲ್ಲ.

ಇಂದಿಗೂ ಕೇಳಿಲ್ಲ. ಪುಸ್ತಕವೇ ಇರಲಿಲ್ಲವೆಂದು ಗೊತ್ತಿದ್ದೂ ಅತ್ತೆ ಅಷ್ಟು ವಾರ ಏನನ್ನು ಹುಡುಕಿದರು, 'ಸಿಕ್ತು' ಎಂದದ್ದು ತಮ್ಮ ಸಲುವಾಗಿಯೋ ಸೊಸೆಯ ಸಲುವಾಗಿಯೋ, ಗೋಡೆಯಾಚೆಯಿಂದ ಬಂದ ಆ ಎರಡು ಸದ್ದುಗಳು ನಗುವೋ ಮತ್ತೊಂದೋ, ಇದು ಯಾವುದೂ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಹೇಳುತ್ತಿದ್ದೆ.